ಕೈಬಿಟ್ಟ ಮಾತು ಮರಳಿ ಬಂದ ಬಗೆ

ಅಮೆರಿಕದ ಸಂವಿಧಾನಕ್ಕೆ 1791ರಲ್ಲಿ ಸೇರಿದ ಐದನೆಯ ತಿದ್ದುಪಡಿಯಲ್ಲಿ 'ಡ್ಯೂ ಪ್ರೊಸೆಸ್ ಆಫ್ ಲಾ' ಎಂಬ ಮಾತಿದೆ. ಕಾನೂನಿನ ಯುಕ್ತ ಪ್ರಕ್ರಿಯೆ ಇಲ್ಲದೆ ಯಾರ ಜೀವ, ಸ್ವಾತಂತ್ರ್ಯ, ಸ್ವತ್ತನ್ನೂ ಸರ್ಕಾರ ಕಸಿದುಕೊಳ್ಳುವಂತಿಲ್ಲ ಎಂಬುದು ಅದರ ತಾತ್ಪರ್ಯ. ಭಾರತದ ಸಂವಿಧಾನದಲ್ಲಿ ಈ ಮಾತು ಇಲ್ಲ. ಕರಡಿನಲ್ಲಿ ಇದ್ದದ್ದನ್ನು ಕೈಬಿಡಲಾಯಿತು. ಅದರಲ್ಲಿ ಮಂಗಳೂರಿನವರೊಬ್ಬರ ಪಾತ್ರ ದೊಡ್ಡದು.

'ಯುಕ್ತ' ಎಂಬ ಒಂದು ಪದದಲ್ಲೇ ಎಲ್ಲ ತಕರಾರೂ ಅಡಗಿದೆ. ಕಾನೂನು ಇದೆಯೇ ಎಂದಷ್ಟೇ ಅಲ್ಲ, ಅದು ನ್ಯಾಯವಾದುದೇ ಎಂದೂ ಕೇಳುವ ಅಧಿಕಾರ ಅದರಿಂದ ನ್ಯಾಯಾಲಯಕ್ಕೆ ದಕ್ಕುತ್ತದೆ. ಈ ಅಧಿಕಾರಕ್ಕೆ ಎರಡು ಅಲಗು. ಬೇಕರಿ ಕೆಲಸಗಾರರ ದುಡಿಮೆ ದಿನಕ್ಕೆ 10 ಗಂಟೆ ಮೀರಕೂಡದೆಂದು ನ್ಯೂಯಾರ್ಕ್ ರಾಜ್ಯ ಮಾಡಿದ್ದ ಕಾಯಿದೆಯನ್ನು ಅಮೆರಿಕದ ಸುಪ್ರೀಂ ಕೋರ್ಟು 1905ರಲ್ಲಿ ರದ್ದು ಮಾಡಿತು. ಹದಿನಾಲ್ಕನೆಯ ತಿದ್ದುಪಡಿಯಲ್ಲೂ ಬರುವ ಇದೇ ಮಾತು ಅದಕ್ಕೆ ಆಧಾರವಾಗಿತ್ತು.

1887ರಲ್ಲಿ ಮಂಗಳೂರಿನಲ್ಲಿ ಹುಟ್ಟಿದ ಬೆನಗಲ್ ನರಸಿಂಗ ರಾವ್ ಸಂವಿಧಾನ ಸಭೆಯ ಸಲಹೆಗಾರರಾಗಿದ್ದರು. 1947ರ ಕೊನೆಯಲ್ಲಿ ಅವರು ಅಮೆರಿಕಕ್ಕೆ ಹೋಗಿ ಅಲ್ಲಿನ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ಫೆಲಿಕ್ಸ್ ಫ್ರಾಂಕ್‌ಫರ್ಟರ್ ಅವರನ್ನು ಕಂಡರು. ಜನರು ಆರಿಸಿದ ಶಾಸನಸಭೆಯ ಕಾಯಿದೆಯನ್ನು ಬೆರಳೆಣಿಕೆಯ ನ್ಯಾಯಾಧೀಶರು ತಳ್ಳಿಹಾಕುವುದು ಪ್ರಜಾಪ್ರಭುತ್ವಕ್ಕೆ ಒಗ್ಗದು, ನ್ಯಾಯಾಲಯಕ್ಕೂ ಅದು ಹೊರೆ ಎಂಬುದು ಫ್ರಾಂಕ್‌ಫರ್ಟರ್ ಅವರ ಅಭಿಪ್ರಾಯ. ಗೇಣಿ, ಸಾಲ, ಕೂಲಿಯ ಬಗ್ಗೆ ಸ್ವತಂತ್ರ ಭಾರತ ಮಾಡಬೇಕಿದ್ದ ಕಾಯಿದೆಗಳಿಗೆ ಈ ಮಾತು ತೊಡಕಾದೀತೆಂಬ ಅಳುಕು ರಾವ್ ಅವರಿಗೂ ಇತ್ತು. ಕರಡು ಸಮಿತಿ ಅದನ್ನು ತೆಗೆದು, ಜಪಾನಿನ ಹೊಸ ಸಂವಿಧಾನದ ಮಾದರಿಯಲ್ಲಿ 'ಕಾನೂನಿನ ಮೂಲಕ ಸ್ಥಾಪಿತವಾದ ಕಾರ್ಯವಿಧಾನ' ಎಂದು ಬರೆಯಿತು. ಇಂದಿನ 21ನೆಯ ವಿಧಿ ಅದೇ.

ಬೆಲೆ ತೆರಬೇಕಾದ ದಿನ ಬೇಗನೇ ಬಂತು. ವಿಚಾರಣೆಯಿಲ್ಲದೆ ಸೆರೆಯಲ್ಲಿದ್ದ ಕಮ್ಯುನಿಸ್ಟ್ ನಾಯಕ, ಮುಂದೆ ಕಾಸರಗೋಡಿನ ಸಂಸದರಾದ ಎ.ಕೆ. ಗೋಪಾಲನ್ 1950ರಲ್ಲಿ ಸುಪ್ರೀಂ ಕೋರ್ಟಿನ ಮೊರೆಹೊಕ್ಕರು. ಸಂಸತ್ತು ಕಾನೂನು ಮಾಡಿದೆ, ಅದರಲ್ಲಿ ಹೇಳಿದ ವಿಧಾನ ಪಾಲಿಸಿದರೆ ಸಾಕು ಎಂದಿತು ಬಹುಮತದ ತೀರ್ಪು. ಅವರಿಗೆ ಬಿಡುಗಡೆ ಸಿಗಲಿಲ್ಲ.

ತುರ್ತುಪರಿಸ್ಥಿತಿಯ ಕಹಿ ಉಂಡ ಮೇಲೆ ನ್ಯಾಯಾಲಯದ ನಿಲುವು ಬದಲಾಯಿತು. ಕಾರ್ಯವಿಧಾನ ನ್ಯಾಯಯುತವೂ ಸಮಂಜಸವೂ ಆಗಿರಲೇಬೇಕೆಂದು 1978ರಲ್ಲಿ ಮೇನಕಾ ಗಾಂಧಿ ಪಾಸ್‌ಪೋರ್ಟ್ ಪ್ರಕರಣದಲ್ಲಿ ಅದು ಸಾರಿತು. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಆಧಾರ್ ವಿರುದ್ಧ ಹೂಡಿದ ಮೊಕದ್ದಮೆಯಲ್ಲಿ, ಖಾಸಗಿತನವೂ ಮೂಲಭೂತ ಹಕ್ಕೆಂದು 2017ರಲ್ಲಿ ಒಂಬತ್ತು ನ್ಯಾಯಮೂರ್ತಿಗಳು ಒಮ್ಮತದಿಂದ ಹೇಳಿದ್ದೂ ಇದೇ ದಾರಿಯ ಮುಂದುವರಿಕೆ.

21ನೆಯ ವಿಧಿಯ ಒಂದು ಅಕ್ಷರವೂ ಬದಲಾಗಿಲ್ಲ. ರಾವ್ ಅವರ ಕಾಲದಲ್ಲಿ ಹೊರಗೆ ಉಳಿದ 'ಯುಕ್ತ' ತೀರ್ಪುಗಳ ಮೂಲಕ ಒಳಬಂದಿದೆ. ಆದರೆ ತೀರ್ಪಿನಿಂದ ಬಂದದ್ದನ್ನು ಇನ್ನೊಂದು ತೀರ್ಪು ಕುಗ್ಗಿಸಲೂಬಹುದು. ಆ ಪದವನ್ನು ಕಾಯುವ ಹೊಣೆ ಇನ್ನೂ ಮುಗಿದಿಲ್ಲ.