ಅತಿಥಿ ಶಿಕ್ಷಕರು (ಕರ್ನಾಟಕ)

ಅತಿಥಿ ಶಿಕ್ಷಕರು ಎಂದರೆ ಕರ್ನಾಟಕದ ಸರ್ಕಾರಿ ಶಾಲೆಗಳ ಖಾಲಿ ಹುದ್ದೆಗಳಲ್ಲಿ, ಕಾಯಂ ಶಿಕ್ಷಕರು ಬರುವವರೆಗೆ ಗೌರವಧನದ ಆಧಾರದ ಮೇಲೆ ಪಾಠ ಮಾಡುವವರು. ಹೆಸರಿಗೆ ಅತಿಥಿಗಳಾದರೂ ಹಲವರು ವರ್ಷಗಟ್ಟಲೆ ಇದೇ ಕೆಲಸದಲ್ಲಿದ್ದಾರೆ.

ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ತಾಲ್ಲೂಕುಗಳಲ್ಲಿಯೂ ಈ ವ್ಯವಸ್ಥೆ ಜಾರಿಯಲ್ಲಿದೆ. ತಾಲ್ಲೂಕಿಗೆ ಹಂಚಿಕೆಯಾದ ಸಂಖ್ಯೆಯೊಳಗೆ ಶಾಲಾ ಮುಖ್ಯಶಿಕ್ಷಕರು ಇವರನ್ನು ತೆಗೆದುಕೊಳ್ಳುತ್ತಾರೆ. ಆಯ್ಕೆಯು ಪ್ರತಿ ಶೈಕ್ಷಣಿಕ ವರ್ಷವೂ ಹೊಸದಾಗಿ ನಡೆಯುವುದರಿಂದ, ಆದೇಶ ತಡವಾದರೆ ವರ್ಷದ ಮೊದಲ ವಾರಗಳ ಪಾಠವೇ ತಪ್ಪುತ್ತದೆ. ಏಕೋಪಾಧ್ಯಾಯ ಶಾಲೆಗಳಿಗೆ ಇದರ ಪೆಟ್ಟು ಹೆಚ್ಚು.

2009ರ ಶಿಕ್ಷಣ ಹಕ್ಕು ಕಾಯ್ದೆಯ 26ನೇ ಸೆಕ್ಷನ್ ಪ್ರಕಾರ ಶಾಲೆಯೊಂದರ ಖಾಲಿ ಹುದ್ದೆಗಳು ಮಂಜೂರಾದವುಗಳ ಶೇ. 10ನ್ನು ಮೀರುವಂತಿಲ್ಲ. ಅತಿಥಿ ಶಿಕ್ಷಕರಿಂದ ತರಗತಿ ನಡೆಯುತ್ತದೆಯೇ ಹೊರತು ಹುದ್ದೆ ಭರ್ತಿಯಾಗುವುದಿಲ್ಲ. 2022ರಲ್ಲಿ 15,000 ಪದವೀಧರ ಪ್ರಾಥಮಿಕ ಶಿಕ್ಷಕರ ಹುದ್ದೆಗಳಿಗೆ ಪರೀಕ್ಷೆ ನಡೆಯಿತು. ಆದರೆ ವಿವಾಹಿತ ಮಹಿಳೆಯರ ಜಾತಿ ಮತ್ತು ಆದಾಯ ಪ್ರಮಾಣಪತ್ರದ ವಿವಾದ ಹೈಕೋರ್ಟ್ ಮೆಟ್ಟಿಲೇರಿ ನೇಮಕಾತಿ 2023ರವರೆಗೂ ಎಳೆಯಿತು. ಆ ಹುದ್ದೆಗಳಲ್ಲಿ 5,000 ಕಲ್ಯಾಣ ಕರ್ನಾಟಕಕ್ಕೆ ಮೀಸಲಾಗಿದ್ದವು. ನೆರೆಯ ಬಳ್ಳಾರಿಗೆ ದೊರೆಯುವ 371(ಜೆ) ಸೌಲಭ್ಯ ಚಿತ್ರದುರ್ಗಕ್ಕಿಲ್ಲ.

ಪ್ರಾಥಮಿಕ ಶಾಲೆಯಲ್ಲಿ ತಿಂಗಳಿಗೆ 10,000, ಪ್ರೌಢಶಾಲೆಯಲ್ಲಿ 10,500 ರೂಪಾಯಿ ಇದ್ದ ಗೌರವಧನಕ್ಕೆ 2025–26ರ ರಾಜ್ಯ ಬಜೆಟ್ 2,000 ರೂಪಾಯಿ ಹೆಚ್ಚಳ ಘೋಷಿಸಿತು.