ಪೇರಿಕೆಯೂ ಸರತಿಯ ಸಾಲೂ
ಗಣಕಯಂತ್ರವು ಒಂದು ಗಣನೆಯನ್ನು ನಡುವೆ ತಡೆದು ಉಪಗಣನೆಗೆ ತೊಡಗಿದಾಗ, ಮರಳಬೇಕಾದ ಎಡೆಯನ್ನು ಹೇಗೆ ಕಾದಿರಿಸಬೇಕು? 1946ರಲ್ಲಿ ಇಂಗ್ಲೆಂಡಿನ ರಾಷ್ಟ್ರೀಯ ಭೌತ ಪ್ರಯೋಗಾಲಯಕ್ಕೆ ಒಪ್ಪಿಸಿದ ವರದಿಯಲ್ಲಿ ಟ್ಯೂರಿಂಗನು ಇದನ್ನು ‘ಹೂಳುವುದು’, ‘ಅಗೆದೆತ್ತುವುದು’ ಎಂದು ಕರೆದನು. ಕಡೆಯಲ್ಲಿ ಹೂಳಿದುದೇ ಮೊದಲು ಹೊರಬರುವುದು. 1957ರಲ್ಲಿ ಈ ತತ್ತ್ವಕ್ಕೆ ಪೇಟೆಂಟು ಬೇಡಿದ ಜರ್ಮನಿಯ ಸಾಮೆಲ್ಸನ್, ಬೌಯರ್ ಎಂಬೀರ್ವರು ಇದನ್ನು ‘ನೆಲಮಾಳಿಗೆ’ ಎಂದರು; ಹೆಸರು ಸೊಗಸಾಗಿಯೇ ಇದೆ. ಆವರಣದೊಳಗೆ ಆವರಣವುಳ್ಳ ಬೀಜಗಣಿತದ ವಾಕ್ಯದಲ್ಲಿ ಒಳಗಣದು ಮೊದಲು ಮುಗಿಯಬೇಕಷ್ಟೆ. ಅಲ್ಲಿ ಸರತಿಯ ಸಾಲನ್ನು ಹಿಡಿದರೆ ಹೊರಗಣ ಲೆಕ್ಕವು ಮುಂದೆ ನುಗ್ಗಿ ಉತ್ತರವೇ ಕೆಡುವುದು.

ಆದರೆ ಚಕ್ರವ್ಯೂಹದಂಥ ಸುತ್ತುದಾರಿಯಲ್ಲಿ ಅತಿ ಹ್ರಸ್ವಮಾರ್ಗವನ್ನು ಅರಸುವ ಕ್ರಮವನ್ನು 1959ರಲ್ಲಿ ಪ್ರಕಟಿಸಿದ ಅಮೆರಿಕದ ಮೂರ್ ಎಂಬಾತನು, ಸಮೀಪದ ಮನೆಗಳನ್ನೆಲ್ಲ ಎಣಿಸಿದ ಮೇಲೆಯೇ ದೂರದವನ್ನು ಎಣಿಸಿದನು. ಇದಕ್ಕೆ ಮೊದಲು ಬಂದುದನ್ನು ಮೊದಲು ಕಳುಹುವ ಸಾಲೇ ಒಪ್ಪುವುದು. ಪೇರಿಕೆಯನ್ನು ನೆಚ್ಚಿದರೆ ದಾರಿಯೊಂದು ದೊರೆತೀತು. ಅದೇ ಹ್ರಸ್ವವಾದುದೆಂಬ ಭರವಸೆಯಿಲ್ಲ.