ಕೋ-ಆಪ್ಟ್: ಒಳಗಿನವರೇ ಕರೆದುಕೊಂಡ ಸದಸ್ಯ

ಒಂದು ಸಮಿತಿಯಲ್ಲಿ ಆಗಲೇ ಕುಳಿತಿರುವ ಸದಸ್ಯರು ತಾವೇ ಇನ್ನೊಬ್ಬರನ್ನು ಆರಿಸಿ ಒಳಕ್ಕೆ ಸೇರಿಸಿಕೊಳ್ಳುವುದಕ್ಕೆ ಕೋ-ಆಪ್ಷನ್ ಎನ್ನುತ್ತಾರೆ. ಮತದಾರರು ಆರಿಸಿದರೆ ಅದು ಚುನಾವಣೆ. ಸರ್ಕಾರ ಮೇಲಿನಿಂದ ಹೆಸರು ಕಳಿಸಿದರೆ ನಾಮನಿರ್ದೇಶನ. ಊರಿನ ಮಾತಿನಲ್ಲಿ ನಾಮನಿರ್ದೇಶನವೂ ಕೋ-ಆಪ್ಷನ್ನೂ ಬೆರೆತುಹೋಗಿ ಇಬ್ಬರೂ ‘ನಾಮಿನಿ ಮೆಂಬರು’ ಆಗಿಬಿಡುತ್ತಾರೆ. ವ್ಯತ್ಯಾಸ ಸಣ್ಣದಲ್ಲ. ನಾಮನಿರ್ದೇಶಿತರು ಸರ್ಕಾರದ ಋಣದಲ್ಲಿರುತ್ತಾರೆ, ಕೋ-ಆಪ್ಟ್ ಆದವರು ಪಕ್ಕದ ಕುರ್ಚಿಯವರ ಋಣದಲ್ಲಿ.

ಪದ ಲ್ಯಾಟಿನ್ ಮೂಲದ್ದು. ಪ್ರಾಚೀನ ರೋಮಿನ ಪುರೋಹಿತ ಮಂಡಲಿಗಳು ಸತ್ತ ಸದಸ್ಯನ ಜಾಗಕ್ಕೆ ತಾವೇ ಇನ್ನೊಬ್ಬನನ್ನು ಆರಿಸಿಕೊಳ್ಳುತ್ತಿದ್ದವು. ಕ್ರಿ.ಪೂ. 104ರಲ್ಲಿ ಒಂದು ಕಾನೂನು ಈ ಹಕ್ಕನ್ನು ಜನರ ಮತಕ್ಕೆ ಒಪ್ಪಿಸಿತು. ಕನ್ನಡದಲ್ಲಿ ಕೋ-ಆಪ್ಷನ್‌ಗೆ ಎಲ್ಲರೂ ಒಪ್ಪಿದ ಪದ ನೆಲೆಯೂರಿಲ್ಲ. ನಡಾವಳಿ ಪುಸ್ತಕದಲ್ಲಿ ಸೂಚಕರು, ಅನುಮೋದಕರ ಹೆಸರಿನ ಮೇಲೆ ‘ಕೋ-ಆಪ್ಟ್ ಮಾಡಿಕೊಳ್ಳಲು ತೀರ್ಮಾನಿಸಲಾಯಿತು’ ಎಂದು ಬರೆಯುವುದೇ ರೂಢಿ. ‘ಮಾಡಿಕೊಳ್ಳು’ ಎಂಬುದರ ‘ಕೊಳ್ಳು’ವಿನಲ್ಲೇ ಅರ್ಥದ ಅರ್ಧಭಾಗವಿದೆ.

ಪದಕ್ಕೆ ಎರಡನೆಯ ಅರ್ಥವೂ ಉಂಟು: ಎದುರು ನಿಲ್ಲಬಲ್ಲವನನ್ನು ತನ್ನ ವ್ಯವಸ್ಥೆಯೊಳಕ್ಕೆ ಎಳೆದುಕೊಂಡು ಅವನ ಬಲವನ್ನು ತನ್ನದಾಗಿಸಿಕೊಳ್ಳುವುದು. ಸಮಾಜಶಾಸ್ತ್ರದಲ್ಲಿ ಈ ಬಳಕೆಯನ್ನು ನೆಲೆಗೊಳಿಸಿದ್ದು ಫಿಲಿಪ್ ಸೆಲ್ಜ್‌ನಿಕ್, 1949ರಲ್ಲಿ. ಪದಕ್ಕೆ ಈ ಅರ್ಥ ಬರುವ ಮೊದಲೇ ಕೆಲಸ ನಡೆದಿತ್ತು. 16ನೇ ಶತಮಾನದಲ್ಲಿ ವಿಜಯನಗರ ಬೇಡರ ಮುಖಂಡ ತಿಮ್ಮಣ್ಣ ನಾಯಕನಿಗೆ ಹೊಳಲ್ಕೆರೆ, ಹಿರಿಯೂರು, ಚಿತ್ರದುರ್ಗ ಸೀಮೆಗಳ ನಾಯಕತನ ಕೊಟ್ಟು ತನ್ನವನನ್ನಾಗಿಸಿಕೊಂಡಿತು. 1779ರಲ್ಲಿ ಹೈದರಾಲಿ ಮಾಡಿದ್ದು ಇದರ ಒರಟು ರೂಪ. ಚಿತ್ರದುರ್ಗ ಬಿದ್ದು ಅಲ್ಲಿನ ಅರಸ ಮದಕರಿ ನಾಯಕ ಸೆರೆಯಾದ ಮೇಲೆ ಸುಮಾರು 20,000 ಬೇಡರನ್ನು ಶ್ರೀರಂಗಪಟ್ಟಣಕ್ಕೆ ಸಾಗಿಸಿ, ಅವರ ಹುಡುಗರನ್ನು ಚೇಲಾ ಎಂಬ ಸೈನಿಕ ದಳಗಳಿಗೆ ಸೇರಿಸಲಾಯಿತು. ಇಲ್ಲಿ ಒಪ್ಪಿಗೆಯ ಪ್ರಶ್ನೆಯೇ ಇರಲಿಲ್ಲ. ಇದನ್ನು ಕೋ-ಆಪ್ಷನ್ ಎನ್ನುವುದಕ್ಕಿಂತ ನುಂಗಿದ್ದು ಎನ್ನುವುದೇ ಸರಿ.

ಸ್ವಾತಂತ್ರ್ಯಾನಂತರ ಪದ ಹಳ್ಳಿಗೆ ಬಂದದ್ದು ಮೊದಲನೆಯ ಅರ್ಥದಲ್ಲಿ. ಚುನಾವಣೆಯಲ್ಲಿ ಗೆದ್ದುಬರಲಾರದವರಿಗೆ ಹಿಂಬಾಗಿಲಲ್ಲದ ಒಂದು ಪಕ್ಕದ ಬಾಗಿಲು ಬೇಕಿತ್ತು. 1957ರ ಬಲವಂತರಾಯ್ ಮೆಹ್ತಾ ಸಮಿತಿ ಪಂಚಾಯಿತಿಗಳಿಗೆ ಇಬ್ಬರು ಮಹಿಳೆಯರನ್ನು ಕೋ-ಆಪ್ಟ್ ಮಾಡಿಕೊಳ್ಳಬೇಕೆಂದಿತು. ಮಹಿಳೆ ಸ್ಪರ್ಧಿಸಿ ಬರಬಲ್ಲಳು ಎಂಬ ನಂಬಿಕೆ ಆಗಿನ್ನೂ ಇರಲಿಲ್ಲ. ಕರ್ನಾಟಕದ 1983ರ ಕಾಯ್ದೆ ಮಂಡಲ ಪಂಚಾಯಿತಿಗಳಲ್ಲಿ ಮಹಿಳೆಯರಿಗೆ ಶೇ. 25 ಸ್ಥಾನ ಮೀಸಲಿಟ್ಟಿತು. 1987ರಲ್ಲಿ ಚುನಾವಣೆ ನಡೆಯಿತು. ಆದರೆ ತಾಲ್ಲೂಕು ಪಂಚಾಯಿತಿ ಸಮಿತಿಗೆ ನೇರ ಚುನಾವಣೆ ಇರಲಿಲ್ಲ. ಮಂಡಲಗಳ ಪ್ರಧಾನರು, ಶಾಸಕರು ಪದನಿಮಿತ್ತ ಸದಸ್ಯರು. ಪರಿಶಿಷ್ಟರು, ಹಿಂದುಳಿದವರು, ಮಹಿಳೆಯರು ಕೋ-ಆಪ್ಟ್ ಆಗಿ ಬರಬೇಕಿತ್ತು. 1993ರ ಪಂಚಾಯತ್ ರಾಜ್ ಕಾಯ್ದೆ ತಾಲ್ಲೂಕು ಪಂಚಾಯಿತಿಗೂ ನೇರ ಚುನಾವಣೆ, ಮೀಸಲಾತಿ ತಂದಾಗ ಆ ಪಕ್ಕದ ಬಾಗಿಲು ಮುಚ್ಚಿತು.

ಆದರೂ ಅದೇ ಕಾಯ್ದೆ ಗ್ರಾಮ ಪಂಚಾಯಿತಿಯ ಸ್ಥಾಯಿ ಸಮಿತಿಗಳಲ್ಲಿ ಒಂದು ಸಣ್ಣ ಜಾಗ ಬಿಟ್ಟಿತು. ಉತ್ಪಾದನಾ ಸಮಿತಿ, ಸೌಕರ್ಯ ಸಮಿತಿಗಳು ರೈತ ಕೂಟ, ಮಹಿಳಾ ಮಂಡಲ, ಯುವಕ ಮಂಡಲಗಳ ಸದಸ್ಯರನ್ನು ಕೋ-ಆಪ್ಟ್ ಮಾಡಿಕೊಳ್ಳಬಹುದಿತ್ತು; ಸಹಕಾರ ಸಂಘಗಳ ಪ್ರತಿನಿಧಿಯೊಬ್ಬರನ್ನು ಉತ್ಪಾದನಾ ಸಮಿತಿಗೆ ಕರೆದುಕೊಳ್ಳಲೇಬೇಕಿತ್ತು. ಹಿರಿಯೂರು ತಾಲ್ಲೂಕಿನ ಬಬ್ಬೂರಿನ ಕಡೆಗೆ ಇದು ಹೊಂದುವ ಮಾತಾಗಿತ್ತು. ವೇದಾವತಿಗೆ ಅಡ್ಡಲಾಗಿ 1907ರ ಹೊತ್ತಿಗೆ ಮುಗಿದ ವಾಣಿವಿಲಾಸ ಸಾಗರದ ನೀರು, ಬಬ್ಬೂರು ಫಾರಂ ಎಂದೇ ಹೆಸರಾದ ಕೃಷಿ ಸಂಶೋಧನಾ ಕೇಂದ್ರ, ಎರಡೂ ಇರುವ ಸೀಮೆಯಲ್ಲಿ ಬೇಸಾಯದ ಸಮಿತಿಗೆ ಸಾಲ ಕೊಡುವ ಸಂಘದವರು ಬಂದು ಕೂರುವುದು ತೋರಿಕೆಯ ನೇಮಕವಾಗಿರಲಿಲ್ಲ.

ಸಹಕಾರ ಕ್ಷೇತ್ರದಲ್ಲಿ ಪದಕ್ಕೆ ಸಂವಿಧಾನದ ಮುದ್ರೆಯೇ ಬಿದ್ದದ್ದು 97ನೇ ತಿದ್ದುಪಡಿಯಿಂದ. 2012ರ ಫೆಬ್ರವರಿಯಲ್ಲಿ ಜಾರಿಗೆ ಬಂದ ಅದರ ಪ್ರಕಾರ ಆಡಳಿತ ಮಂಡಳಿಯಲ್ಲಿ ಗರಿಷ್ಠ 21 ನಿರ್ದೇಶಕರು; ಅವರಲ್ಲದೆ ಬ್ಯಾಂಕಿಂಗ್, ಹಣಕಾಸು ಮುಂತಾದವನ್ನು ಬಲ್ಲ ಇಬ್ಬರನ್ನು ಮೀರದಂತೆ ಕೋ-ಆಪ್ಟ್ ಮಾಡಿಕೊಳ್ಳಬಹುದು. ಹಾಗೆ ಬಂದವರು ಮಂಡಳಿಯ ಚುನಾವಣೆಯಲ್ಲಿ ಮತ ಹಾಕುವಂತಿಲ್ಲ, ಪದಾಧಿಕಾರಿಯಾಗುವಂತಿಲ್ಲ. ರಾಜ್ಯಗಳ ಅನುಮೋದನೆ ಪಡೆಯದೆ ತಂದ ಈ ಭಾಗವನ್ನು 2021ರ ಜುಲೈ 20ರಂದು ಸುಪ್ರೀಂ ಕೋರ್ಟ್ ರಾಜ್ಯಗಳ ಸಹಕಾರ ಸಂಘಗಳ ಮಟ್ಟಿಗೆ ರದ್ದುಮಾಡಿತು. ಬಹುರಾಜ್ಯ ಸಂಘಗಳಿಗೆ ಅದು ಉಳಿದಿದೆ.